ನಲ್ಲಿಗೆ ಸುತ್ತಿದ ತಂತಿ

ಬಲ್ಬು ಬದಲಾಯಿಸಬೇಕಾದರೂ ನಾನು ಮನೆಯ ಮೇನ್ ಸ್ವಿಚ್ ಆರಿಸುವವಳು. ಆರಿಸಿದ ಮೇಲೂ ಯಾರನ್ನಾದರೂ ಕರೆದು, ಫ್ಯಾನು ನಿಂತಿದೆಯಾ ನೋಡಿ ಅನ್ನುತ್ತೇನೆ. ಇಂಥವಳಿಗೆ ಚಿಕ್ಕಬಳ್ಳಾಪುರದ ವಿದ್ಯುತ್ ಕಚೇರಿಯೊಂದರಿಂದ ಕೆಲಸ ಬಂತು ಎಂದಾಗ ನನ್ನ ಗಂಡ ಊಟ ಬಿಟ್ಟು ನಕ್ಕರು. ಕೆಲಸ ಕರೆಂಟಿನದಲ್ಲ, ಕಾಗದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹರಿದ, ಹುಳು ತಿಂದ ಹಳೆಯ ಕಾಗದಗಳನ್ನು ಸರಿಪಡಿಸುವುದು ನನ್ನ ಕಸುಬು.

ಕಚೇರಿಯ ಹಿಂದಿನ ಉಗ್ರಾಣದಲ್ಲಿ ಕಂಬದ ತಂತಿಗೆ ಹಾಕುವ ಪಿಂಗಾಣಿ ಬಿಲ್ಲೆಗಳ ಪೆಟ್ಟಿಗೆಯಡಿ ಭಿತ್ತಿಪತ್ರಗಳ ಒಂದು ಸುರುಳಿ ಸಿಕ್ಕಿತ್ತು. ನಮ್ಮ ಕಡೆಯ ಮನೆಗಳಿಗೆ ಮೊದಲ ಸಲ ಕರೆಂಟು ಬಂದಾಗ, ಏನು ಮಾಡಬೇಕು, ಏನು ಮಾಡಬಾರದು ಎಂದು ಚಿತ್ರ ಬರೆಸಿ ಊರೂರಿನ ಗೋಡೆಗಳಿಗೆ ಅಂಟಿಸಿದ್ದಂಥವು. ಒಂದರಲ್ಲಿ ಒದ್ದೆ ಕೂದಲಿನ ಸೊಸೆ ಸ್ವಿಚ್ಚಿಗೆ ಕೈಚಾಚಿದ್ದಾಳೆ, ಅತ್ತೆ ಓಡಿಬಂದು ತಡೆಯುತ್ತಿದ್ದಾಳೆ. ಇನ್ನೊಂದರಲ್ಲಿ ಮುದುಕನೊಬ್ಬ ಉರಿಯುವ ಬಲ್ಬಿಗೆ ಬೀಡಿ ತಾಗಿಸಿ ಹೊತ್ತಿಸಲು ನೋಡುತ್ತಿದ್ದಾನೆ. ನನಗೆ ಬಹಳ ಹಿಡಿಸಿದ್ದು ಮೂರನೆಯದು. ರುಮಾಲು ಸುತ್ತಿ ಕೋಟು ತೊಟ್ಟ ಯಜಮಾನ ಇಸ್ತ್ರಿಪೆಟ್ಟಿಗೆಯಿಂದ ಬಂದ ತಂತಿಯನ್ನು ನಲ್ಲಿಯ ಕೊಳವೆಗೆ ಸುತ್ತುತ್ತಿದ್ದಾನೆ, ಪಕ್ಕದಲ್ಲಿ ಹೆಂಡತಿಯೂ ಮಗುವೂ ನಿಶ್ಚಿಂತೆಯಿಂದ ನಗುತ್ತಿದ್ದಾರೆ. ಅದರ ಕೆಳಭಾಗ ಹರಿದುಹೋಗಿ ಅಕ್ಷರಗಳೇ ಇರಲಿಲ್ಲ.

ನನಗೆ ಕೆಲಸ ಒಪ್ಪಿಸಿದವರು ಕಚೇರಿಯ ಸುರಕ್ಷತೆಯ ಎಂಜಿನಿಯರ್. ಮಿತಭಾಷಿ, ಆದರೆ ಕೇಳಿದ್ದಕ್ಕೆ ತಾಳ್ಮೆಯಿಂದ ಹೇಳುವ ಮನುಷ್ಯ. ನಲ್ಲಿಗೆ ಯಾಕೆ ತಂತಿ ಎಂದು ಕೇಳಿದೆ. ಆಗಿನ ನೀರಿನ ಕೊಳವೆಗಳು ಕಬ್ಬಿಣದವು, ಊರುದ್ದ ನೆಲದೊಳಗೇ ಹೋಗುತ್ತಿದ್ದವು. ಉಪಕರಣದ ಮೈಗೆ ಕರೆಂಟು ಸೋರಿದರೆ ಆ ಕೊಳವೆಯ ದಾರಿಯಲ್ಲಿ ಭೂಮಿಗೆ ಇಳಿದುಹೋಗುತ್ತಿತ್ತು ಎಂದರು. ಈಗ ಬೀದಿಗಳಲ್ಲಿ ಪ್ಲಾಸ್ಟಿಕ್ ಪೈಪು ಹೂತಿದ್ದಾರೆ. ಮನೆಯೊಳಗೆ ಕಬ್ಬಿಣದ ತುಂಡು ಉಳಿದಿದ್ದರೂ ಅದಕ್ಕೆ ನೆಲದ ಸಂಪರ್ಕವಿಲ್ಲ. ಅದಕ್ಕೆ ತಂತಿ ಸುತ್ತಿದರೆ ಕರೆಂಟು ಭೂಮಿಗೆ ಹೋಗದೆ ನಲ್ಲಿಯಲ್ಲೇ ಕಾದು ಕೂತಿರುತ್ತದೆ. ಇದು ಬರೀ ನೋಡಲಿಕ್ಕೆ, ಮಾಡಲಿಕ್ಕಲ್ಲ ಎಂದು ಅವರು ಅವತ್ತೇ ಹೇಳಿದ್ದರು.

ಹರಿಯದ ಪ್ರತಿ ಎಲ್ಲಾದರೂ ಇದೆಯೇ ಎಂದು ಹುಡುಕಿಸಿದಾಗ ಶಿಡ್ಲಘಟ್ಟದಲ್ಲಿ ಸಿಕ್ಕಿತು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬರ ಮನೆ. ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ತಮ್ಮ ಮದುವೆಯ ಟ್ರಂಕಿನ ಮುಚ್ಚಳದ ಒಳಮೈಗೆ ಆ ಭಿತ್ತಿಪತ್ರ ಅಂಟಿಸಿಕೊಂಡಿದ್ದರು. ಅತ್ತೆಮನೆಗೆ ಬಂದ ಹೊಸದರಲ್ಲಿ ಮಾವ ಯಾವುದೋ ಗೋಡೆಯಿಂದ ಬಿಡಿಸಿ ತಂದುಕೊಟ್ಟರಂತೆ. ಚಿತ್ರದ ಹೆಂಡತಿಯ ಮುಖ ಆಗ ತಮ್ಮ ಹಾಗೇ ಇತ್ತು ಎಂದು ಅವರು ಹೇಳಿದಾಗ ಸೊಸೆ ಮುಖ ತಿರುಗಿಸಿ ನಕ್ಕಳು. ಟ್ರಂಕನ್ನೇ ಎರವಲು ಕೊಟ್ಟರು.

ಬಿಡಿಸುವ ಕೆಲಸ ನನ್ನ ಬೆವರಿಳಿಸಿತು. ಒದ್ದೆ ಹತ್ತಿ ತಾಗಿಸಿ ನೋಡಿದರೆ ರುಮಾಲಿನ ಕೆಂಪು ಬಣ್ಣ ಬಿಡುತ್ತಿತ್ತು. ಹಾಗಾಗಿ ನೀರು ಹಾಕುವಂತಿಲ್ಲ. ತಗಡಿಗೆ ಕಚ್ಚಿದ ಅಂಟಾದರೋ ಕಲ್ಲಾಗಿತ್ತು. ಚಿತ್ರದ ಮೇಲೆ ಆವಿ ಮಾತ್ರ ದಾಟುವ ಬಟ್ಟೆ ಹಾಸಿ, ಅದರ ಮೇಲೆ ತೇವ ಮಾಡಿದ ಒತ್ತುಕಾಗದವಿಟ್ಟು, ಮೂಲೆಯಿಂದ ಅಂಗೈಯಗಲ ಜಾಗವನ್ನು ಮೆತ್ತಗಾಗಿಸಿ, ಬಿದಿರಿನ ತೆಳು ಸೀಳಿನಿಂದ ಎಬ್ಬಿಸುತ್ತಾ ಹೋದೆ. ಒಂದು ಕಡೆ ಅವಸರ ಮಾಡಿದ್ದಕ್ಕೆ ಮಗುವಿನ ಪಾದ ತಗಡಿನಲ್ಲೇ ಉಳಿಯಿತು, ಅದನ್ನು ಬೇರೆಯಾಗಿ ಬಿಡಿಸಿ ಜೋಡಿಸಬೇಕಾಯಿತು. ಹಿಂಬದಿಗೆ ತೆಳು ಕಾಗದವನ್ನು ಗೋಧಿಗಂಜಿಯಲ್ಲಿ ಅಂಟಿಸಿ ಒಣಗಿಸಿದ ಮೇಲೆ ಅಕ್ಷರಗಳು ಸ್ಪಷ್ಟವಾಗಿ ನಿಂತವು: ‘ನಲ್ಲಿಯ ಕೊಳವೆಗೆ ತಂತಿ ಸುತ್ತಿರಿ, ಕುಟುಂಬವನ್ನು ಕಾಪಾಡಿರಿ.’

ಚಿತ್ರ ನೋಡಿದವರೆಲ್ಲ ಮರುಳಾದರು. ಕಚೇರಿಯ ಪ್ರಚಾರ ವಿಭಾಗದವರು ಅದನ್ನೇ ಹೊಸ ವರ್ಷದ ಕ್ಯಾಲೆಂಡರ್ ಮಾಡಿಸಿದರು. ಮೇಲೆ ದೊಡ್ಡ ಚಿತ್ರ, ಕೆಳಗೆ ದಿನಕ್ಕೊಂದು ಹರಿಯುವ ತಾರೀಖಿನ ಕಟ್ಟು. ‘ಇದು ಹಳೆಯ ಕಾಲದ ಸಲಹೆ, ಈಗ ಹೀಗೆ ಮಾಡುವುದು ಅಪಾಯ’ ಎಂಬ ಸಾಲನ್ನು ಚಿತ್ರದ ಬುಡಕ್ಕೆ ಸೇರಿಸಲು ಎಂಜಿನಿಯರ್ ಹಟ ಹಿಡಿದರು. ಅಚ್ಚಿನ ಕರಡಿನಲ್ಲಿ ಆ ಸಾಲು ಇದ್ದದ್ದನ್ನು ನಾವಿಬ್ಬರೂ ನೋಡಿದೆವು. ಕ್ಯಾಲೆಂಡರ್ ಚಿಂತಾಮಣಿ, ಗೌರಿಬಿದನೂರು, ಅಲೀಪುರ, ಕೈವಾರದ ತನಕ ಬಿಲ್ಲು ಕಟ್ಟಲು ಬಂದವರ ಕೈಸೇರಿತು. ಅಜ್ಜಿಯ ಮನೆಗಂತೂ ಒಂದು ಕಟ್ಟನ್ನೇ ಕಳಿಸಿದೆವು.

ಮೂಲ ಭಿತ್ತಿಪತ್ರಕ್ಕೆ ಚೌಕಟ್ಟು ಹಾಕಿಸಿ ಹಿಂದಿರುಗಿಸಲು ನಾನು ಶಿಡ್ಲಘಟ್ಟಕ್ಕೆ ಹೋದದ್ದು ಒಂದು ಮಧ್ಯಾಹ್ನ. ಮುಂದೆ ರೀಲಿಂಗ್ ಶೆಡ್ಡು, ಹಿಂದೆ ವಾಸದ ಮನೆ. ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡು ಬೇಯುತ್ತಿತ್ತು, ರಾಟೆಗಳು ತಿರುಗುತ್ತಿದ್ದವು, ನೆಲವೆಲ್ಲ ಒದ್ದೆ. ಮಗ ಗೂಡಿನ ಮಾರುಕಟ್ಟೆಗೆ ಹೋಗಿದ್ದ. ಸೊಸೆ ಚಹಾ ತಂದಳು. ಅಜ್ಜಿ ಚೌಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಮಗುವಿನ ಪಾದ ಎಲ್ಲಿ ಜೋಡಿಸಿದ್ದೀಯ ತೋರಿಸು ಎಂದು ಕೇಳಿ, ಆಮೇಲೆ ಬಲಗೈಯನ್ನು ಉಜ್ಜಿಕೊಳ್ಳತೊಡಗಿದರು.

“ಕೈಯೆಲ್ಲಾ ಜುಮ್ ಜುಮ್ ಅಂತದೆ ಬೇಟಿ. ಶುಗರ್ ಅಲ್ವಾ. ವಜೂ ಮಾಡುವಾಗ ಇನ್ನೂ ಜಾಸ್ತಿ, ತಣ್ಣೀರಿಗೇನೋ.”

ಸೊಸೆ ವಿವರ ಕೊಟ್ಟಳು. ಡಾಕ್ಟರಿಗೆ ತೋರಿಸಿದ್ದಾರೆ, ಶುಗರ್ ಇದ್ದವರಿಗೆ ಕೈಕಾಲು ಜುಮ್ ಅನ್ನುವುದು ಇದ್ದದ್ದೇ ಎಂದು ಮಾತ್ರೆ ಏರಿಸಿದ್ದಾರೆ, ಸಿಹಿ ಪೂರ್ತಿ ಬಿಡಿಸಿದ್ದಾರೆ. ನಾನು ತಲೆಯಾಡಿಸುತ್ತಾ ಕೇಳುತ್ತಿದ್ದೆ. ನಮ್ಮ ತಾಯಿಗೂ ಶುಗರ್ ಇತ್ತು, ಅವರೂ ಇದೇ ಮಾತು ಆಡುತ್ತಿದ್ದರು. ಆಗ ಕಣ್ಣು ಗೋಡೆಯ ಕಡೆ ಹೋಯಿತು. ನಮ್ಮ ಕ್ಯಾಲೆಂಡರ್ ತೂಗುತ್ತಿತ್ತು. ಎಚ್ಚರಿಕೆಯ ಸಾಲು ಇರಬೇಕಾದ ಜಾಗದ ಮೇಲೆ ತಾರೀಖಿನ ಕಟ್ಟು ಪಿನ್ನು ಹೊಡೆಸಿಕೊಂಡು ಗಟ್ಟಿಯಾಗಿ ಕೂತಿತ್ತು. ಎದ್ದುಹೋಗಿ ಕಟ್ಟನ್ನು ಬೆರಳಿನಿಂದ ಎತ್ತಿ ನೋಡಿದೆ. ಸಾಲು ಅದರಡಿ ಇತ್ತು.

ಅಲ್ಲಿಂದ ಬಚ್ಚಲಿನ ಬಾಗಿಲು ಕಾಣುತ್ತಿತ್ತು. ನಲ್ಲಿಯ ಕಬ್ಬಿಣದ ಪೈಪಿಗೆ ಹಸಿರು ತಂತಿಯೊಂದನ್ನು ಒತ್ತೊತ್ತಾಗಿ, ಚಿತ್ರದ ಯಜಮಾನ ಸುತ್ತಿದ ಹಾಗೆಯೇ ಸುತ್ತಿದ್ದರು. ತಂತಿ ಗೋಡೆಗುಂಟ ಶೆಡ್ಡಿನ ಮೋಟರಿನ ಕಡೆ ಹೋಗಿತ್ತು. ಅಷ್ಟರಲ್ಲಿ ಅಸರ್ ನಮಾಜಿನ ಹೊತ್ತಾಯಿತೆಂದು ಅಜ್ಜಿ ಸೆರಗು ಸರಿಮಾಡಿಕೊಂಡು ಬಚ್ಚಲಿನತ್ತ ಹೊರಟರು. ವಜೂ ಎಂದರೆ ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವುದು. ದಿನಕ್ಕೆ ಐದು ಹೊತ್ತು ಅವರು ಆ ನಲ್ಲಿಯನ್ನು ಮುಟ್ಟುತ್ತಿದ್ದರು.

ನಾನು ಅವರ ತೋಳು ಹಿಡಿದು ಎಳೆದೆ. ಚಹಾದ ಲೋಟ ಉರುಳಿತು. ಏನು ಹೇಳಬೇಕೋ ತಿಳಿಯದೆ, ನಲ್ಲಿ ಮುಟ್ಟಬೇಡಿ ಎಂದಷ್ಟೇ ಹೇಳಿ ಎಂಜಿನಿಯರಿಗೆ ಫೋನು ಮಾಡಿದೆ. ಪುಣ್ಯಕ್ಕೆ ಅವರು ಅವತ್ತು ಶಿಡ್ಲಘಟ್ಟದ ಕಚೇರಿಯಲ್ಲೇ ಇದ್ದರು.

“ಮೇಡಂ, ಯಾರನ್ನೂ ನಲ್ಲಿ ಹತ್ರ ಬಿಡಬೇಡಿ. ಮನೆ ಮೇನ್ ಆಫ್ ಮಾಡಿ, ನಾನು ಬರ್ತಿದ್ದೀನಿ. ಒದ್ದೆ ನೆಲದ ಮೇಲೆ ನಿಂತ್ಕೊಂಡು ಮಾತ್ರ ಮುಟ್ಟಬೇಡಿ.”

ಮೇನ್ ಇದ್ದದ್ದು ಶೆಡ್ಡಿನ ಒಳಗೋಡೆಯಲ್ಲಿ. ತುಕ್ಕು ಹಿಡಿದ ಕಬ್ಬಿಣದ ಪೆಟ್ಟಿಗೆ, ಪಕ್ಕಕ್ಕೊಂದು ಹಿಡಿ. ಸೊಸೆ ಅದನ್ನು ಯಾವತ್ತೂ ಮುಟ್ಟಿದವಳಲ್ಲ. ರಾಟೆಯ ಮುಂದಿದ್ದ ಹೆಂಗಸರ ಕೈಯೆಲ್ಲ ಒದ್ದೆ. ಉಳಿದವಳು ಬಲ್ಬಿಗೂ ಹೆದರುವ ನಾನು. ಗೂಡು ತುಂಬುವ ಪ್ಲಾಸ್ಟಿಕ್ ಕ್ರೇಟೊಂದು ಒಣಗಿದ್ದು ಸಿಕ್ಕಿತು. ಅದನ್ನು ಬೋರಲು ಹಾಕಿ ಹತ್ತಿ ನಿಂತೆ. ಅಂಗೈ ಬೆವರುತ್ತಿತ್ತು, ಸೀರೆಗೆ ಒರೆಸಿದಷ್ಟೂ ಬೆವರುತ್ತಿತ್ತು. ಮನೆಯಲ್ಲಿ ಓದುತ್ತಿದ್ದ ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಮುಖ ಆಚೆ ತಿರುಗಿಸಿ, ಒಣಗಿದ ಟವೆಲ್ಲಿನ ಮಡಿಕೆಯಲ್ಲಿ ಹಿಡಿಯನ್ನು ಹಿಡಿದು ಕೆಳಗೆಳೆದೆ. ರಾಟೆಗಳು ನಿಂತವು. ನೀರು ಕುದಿಯುವ ಸದ್ದು ಮಾತ್ರ ಉಳಿಯಿತು.

ಕ್ರೇಟಿನಿಂದ ಇಳಿದೆ. ಗೆದ್ದೆ ಅನ್ನಿಸಿತ್ತು. ಇನ್ನೇನೂ ಭಯವಿಲ್ಲ, ಕರೆಂಟು ಆರಿಸಿದ್ದೇನೆ ಎಂದು ಅಜ್ಜಿಗೆ ನಾನೇ ಹೇಳಿದೆ. ನಮಾಜು ತಡವಾಗುತ್ತಿದೆಯೆಂದು ಅವರು ಬಚ್ಚಲಿಗೆ ಹೋದರು. ಮೊಣಕಾಲು ನೋವಿಗಾಗಿ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಕೂತು ನಲ್ಲಿ ತಿರುಗಿಸಿದರು. ಇನ್ನೂ ಜುಮ್ ಅಂತದಲ್ಲ ಬೇಟಿ ಎಂದರು. ಹಾಗಾದರೆ ಅದು ಶುಗರ್ರೇ ಇರಬೇಕು ಎಂದು ನಾನು ಉತ್ತರ ಕೊಟ್ಟೆ. ಕೊಟ್ಟು, ನಕ್ಕೆ ಕೂಡ.

ಅವರು ಕೈ ಮುಖ ತೊಳೆದು, ಕಾಲು ತೊಳೆಯಲು ಚಪ್ಪಲಿ ಕಳಚಬೇಕು ಅನ್ನುವಷ್ಟರಲ್ಲಿ ಎಂಜಿನಿಯರ್ ಲೈನ್‌ಮನ್ ಜೊತೆ ಬಂದರು. ಅಜ್ಜಿಯನ್ನು ಪಕ್ಕಕ್ಕೆ ಕಳಿಸಿ, ಹಿತ್ತಲಿನ ಹಸಿ ಮಣ್ಣಿಗೆ ಕಬ್ಬಿಣದ ಸಲಾಕೆಯೊಂದನ್ನು ಹೊಡೆಸಿ, ಅಳೆಯುವ ಮೀಟರಿನ ಒಂದು ಮುಳ್ಳನ್ನು ಅದಕ್ಕೂ ಇನ್ನೊಂದನ್ನು ನಲ್ಲಿಗೂ ತಾಗಿಸಿದರು. ಆಮೇಲೆ ಮೀಟರಿನ ಮುಖವನ್ನು ನನ್ನ ಕಡೆ ತಿರುಗಿಸಿದರು. ಅಂಕಿ ನೂರು ವೋಲ್ಟನ್ನು ದಾಟಿ ನಿಂತಿತ್ತು. ಮನೆಯ ಮೇನ್ ಆರಿದೆ, ನಲ್ಲಿಯಲ್ಲಿ ಕರೆಂಟಿದೆ. ನಾನು ಗೋಡೆ ಹಿಡಿದುಕೊಳ್ಳಲು ಹೋದೆ, ಗೋಡೆ ಒದ್ದೆಯಿದೆ ಎಂದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡೆ.

ಎಂಜಿನಿಯರಿಗೆ ಕೂಡಲೇ ಹೊಳೆದದ್ದು ಪಕ್ಕದ ಮನೆಗಳು. ಅದು ಹಿಂದೆ ಒಂದೇ ದೊಡ್ಡ ಮನೆ, ಅಣ್ಣತಮ್ಮಂದಿರಿಗೆ ಪಾಲಾಗಿ ಸಾಲು ಮನೆಗಳಾಗಿದ್ದವು. ಹಿಂದಿನ ಗೋಡೆಗುಂಟ ಎಲ್ಲರ ನಲ್ಲಿಗೂ ಒಂದೇ ಕಬ್ಬಿಣದ ಪೈಪು. ನಾವು ಕಳಿಸಿದ ಕ್ಯಾಲೆಂಡರ್ ಕಟ್ಟನ್ನು ಅಜ್ಜಿ ಪ್ರೀತಿಯಿಂದ ಆ ಮನೆಗಳಿಗೇ ಹಂಚಿದ್ದರು. ಯಾರು ಯಾರು ತಂತಿ ಸುತ್ತಿದ್ದಾರೋ, ಯಾರ ಮೋಟರಿನಿಂದ ಸೋರುತ್ತಿದೆಯೋ. ಆ ಕ್ಷಣ ಯಾವ ಬಚ್ಚಲಲ್ಲಿ ಯಾರು ಬರಿಗಾಲಲ್ಲಿ ನಿಂತು ನಲ್ಲಿಗೆ ಕೈಹಾಕುತ್ತಿದ್ದಾರೋ ಎಂದು ನಾನು ಗೋಡೆಯಾಚೆ ಕಿವಿಗೊಟ್ಟೆ.

ಮನೆಮನೆಗೆ ಹೋಗಿ ಹೇಳೋಣ ಎಂದ ಲೈನ್‌ಮನ್. ಬೀದಿಗೆ ಬೀದಿಯೇ ಕರೆಂಟು ತೆಗೆದರೆ ತೊಟ್ಟಿಗಳಲ್ಲಿರುವ ಗೂಡು ಅತಿಯಾಗಿ ಬೆಂದು ನೂಲು ಕೈಗೆ ಬರುವುದಿಲ್ಲ, ರೀಲರ್‌ಗಳು ಸುಮ್ಮನಿರುವುದಿಲ್ಲ ಎಂಬುದು ಅವನ ಚಿಂತೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಎಂಜಿನಿಯರ್ ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿದರು. ಅಷ್ಟರಲ್ಲಿ ಪಕ್ಕದ ಮನೆಯೊಳಗೆ ಯಾರೋ ಬಕೆಟ್ಟು ಇಟ್ಟ ಸದ್ದು ಕೇಳಿತು.

“ಟಿಸಿ ಇಳಿಸಿಬಿಡಪ್ಪ. ಬಯ್ಯೋರು ನನಗೆ ಬಯ್ಲಿ,” ಎಂದರು.

ಟಿಸಿ ಎಂದರೆ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್. ಲೈನ್‌ಮನ್ ಓಡಿದ. ನಾನು ಪಕ್ಕದ ಮನೆಗೆ ನುಗ್ಗಿದೆ. ಪರಿಚಯವಿಲ್ಲದ ಮನೆ, ಚಪ್ಪಲಿ ಬಿಡಲೂ ಇಲ್ಲ. ಬಸುರಿ ಹೆಂಗಸೊಬ್ಬಳು ಬಕೆಟ್ಟನ್ನು ನಲ್ಲಿಯ ಕೆಳಗೆ ಸರಿಸುತ್ತಿದ್ದಳು. ಅವಳ ನಲ್ಲಿಗೂ ತಂತಿಯಿತ್ತು, ಇನ್ನೂ ಹೊಳೆಯುವ ಹೊಸ ತಂತಿ. ಅವಳ ಮಣಿಕಟ್ಟು ಹಿಡಿದುಕೊಂಡು ನಿಂತೆ. ಬೀದಿಯ ಸದ್ದೆಲ್ಲ ಒಮ್ಮೆಗೇ ಅಡಗುವವರೆಗೂ ಬಿಡಲಿಲ್ಲ. ಆಕೆ ನನ್ನನ್ನು ಹುಚ್ಚಿಯೆಂದೇ ತಿಳಿದಿರಬೇಕು. ನನಗೆ ಅಳು ಬಂದಿತ್ತು.

ಜನ ಸೇರಿದರು, ಕೂಗಾಡಿದರು. ಮಾರುಕಟ್ಟೆಯಿಂದ ಬಂದ ಅಜ್ಜಿಯ ಮಗ ಮೊದಲು ಕೂಗಾಡಿ, ಮೀಟರು ತೋರಿಸಿದ ಅಂಕಿ ಏನೆಂದು ಕೇಳಿದ ಮೇಲೆ ಕಲ್ಲು ಚಪ್ಪಡಿಯ ಮೇಲೆ ಕೂತುಬಿಟ್ಟ.

“ಕ್ಯಾಲೆಂಡರ್‌ನಲ್ಲಿ ಹಾಕವ್ರೆ ಅಂದ್ರೆ ಮಾಡಬೇಕಾದ್ದೇ ಅಲ್ವಾ ಮೇಡಂ? ಕರೆಂಟ್ ಆಫೀಸ್ನೋರೇ ಕೊಟ್ಟಿರೋದು. ಅಮ್ಮೀಗೆ ಒಳ್ಳೇದಾಗ್ಲಿ ಅಂತ ಮಾಡ್ದೆ.”

ನಮ್ಮ ಮನೆಗಳಲ್ಲಿ ಕ್ಯಾಲೆಂಡರ್ ಎಂದರೆ ಚಿತ್ರವಲ್ಲ. ರಾಹುಕಾಲ, ಏಕಾದಶಿ, ರಂಜಾನ್ ಯಾವತ್ತು ಎಂದು ಅದು ಹೇಳುತ್ತದೆ, ನಾವು ಹಾಗೇ ನಡೆಯುತ್ತೇವೆ. ಅದರ ಮಾತನ್ನು ಎದುರಾಡುವುದು ಯಾರಿಗೂ ಅಭ್ಯಾಸವಿಲ್ಲ. ಹಳೆಯ ಕಾಗದ ನೋಡಿ ನೋಡಿ, ಚಿತ್ರವೆಂದರೆ ಮೆಚ್ಚಲಿಕ್ಕೆ ಎಂದುಕೊಂಡಿದ್ದವರು ನಾವು ಕೆಲವರು ಮಾತ್ರ.

ತಂತಿ ಬಿಚ್ಚಿಸುವ ಮುಂಚೆ ಎಂಜಿನಿಯರ್ ಒಂದೊಂದೇ ಮನೆಯನ್ನು ಪರೀಕ್ಷಿಸಿದರು. ಎಲ್ಲ ಮನೆಗಳ ಮೇನ್ ಇಳಿಸಿ, ಟಿಸಿ ಏರಿಸಿ, ಒಂದು ಮನೆಯದನ್ನು ಹಾಕುವುದು, ನಲ್ಲಿ ಅಳೆಯುವುದು, ಆರಿಸಿ ತಂತಿ ಬಿಚ್ಚುವುದು, ಆಮೇಲೆ ಮುಂದಿನ ಮನೆ. ಸೋರುತ್ತಿದ್ದದ್ದು ಬಸುರಿ ಹೆಂಗಸಿನ ಮನೆಯ ಹಳೆಯ ಮೋಟರು. ಅದರ ಸುರುಳಿಯ ಮೇಲಿನ ಹೊದಿಕೆ ಹಬೆಗೆ ಕೊಳೆತಿತ್ತು. ಮೋಟರು ತಿರುಗುವಾಗಲೆಲ್ಲ ಆ ಮನೆಯ ತಂತಿಯಿಂದ ಪೈಪಿಗೂ, ಪೈಪಿನಿಂದ ಅಜ್ಜಿಯ ನಲ್ಲಿಗೂ ಕರೆಂಟು ಬರುತ್ತಿತ್ತು. ಸ್ಟೂಲು ಮತ್ತು ರಬ್ಬರ್ ಚಪ್ಪಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅವರು ಬೇರೆ ಮಾತೆತ್ತಿದರು.

ಬೇರೆ ಮಾತು ಇನ್ನೂ ದೊಡ್ಡದು. ಹಂಚಿದ ಉಳಿದ ಕ್ಯಾಲೆಂಡರ್‌ಗಳು. ಪತ್ರಿಕೆಗೊಂದು ಪ್ರಕಟಣೆ ಕೊಟ್ಟರೆ ಸಾಕು ಎಂದು ಮೇಲಿನವರೊಬ್ಬರು ಅಂದರಂತೆ. ವಾಪಸು ಕೇಳಿದರೆ ಜನ ಕೊಡುವುದಿಲ್ಲ, ವರ್ಷದ ನಡುವೆ ಕ್ಯಾಲೆಂಡರ್ ಇಳಿಸುವುದು ಯಾರಿಗೂ ಒಗ್ಗದು. ಮೀಟರ್ ಓದುವವರು ಹೇಗೂ ಮನೆಮನೆಗೆ ಹೋಗುತ್ತಾರೆ, ಅವರ ಕೈಯಲ್ಲಿ ಒಂದು ಚೀಟಿ ಕೊಟ್ಟು ಚಿತ್ರದ ಮೇಲೇ ಅಂಟಿಸಿಬಿಡೋಣ ಎಂದು ನಾನು ಹೇಳಿದೆ. ಯಜಮಾನನ ಕೈ, ತಂತಿ, ನಲ್ಲಿ ಮೂರೂ ಮುಚ್ಚಬೇಕು. ಆ ಕೈಯ ಗೆರೆಗಳನ್ನು ಬಿಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಆದರೂ ಮೊದಲು ಮುಚ್ಚಬೇಕಾದದ್ದು ಅದನ್ನೇ.

ಚೀಟಿಯಲ್ಲಿ ಏನು ಬರೆಯಬೇಕು ಎನ್ನುವುದಕ್ಕೆ ಜಗಳವೇ ಆಯಿತು. ಕಚೇರಿಯವರು ‘ಭೂಸಂಪರ್ಕ ದೋಷದಿಂದ ವಿದ್ಯುತ್ ಸೋರಿಕೆ’ ಎಂದು ಬರೆದುಕೊಟ್ಟರು. ಹಾಗೆ ಯಾರೂ ಮಾತಾಡುವುದಿಲ್ಲ, ಅಜ್ಜಿ ಆಡಿದ ಮಾತನ್ನೇ ಹಾಕಿ ಎಂದೆ. ಜುಮ್ ಎನ್ನುವುದು ಕನ್ನಡದವರಿಗೂ ಗೊತ್ತು, ಚಿಂತಾಮಣಿ ಕಡೆಯ ತೆಲುಗಿನವರಿಗೂ ಗೊತ್ತು, ಉರ್ದು ಮಾತಾಡುವ ಮನೆಗಳಲ್ಲೂ ಗೊತ್ತು. ಕೊನೆಗೆ ದೊಡ್ಡ ಅಕ್ಷರದಲ್ಲಿ ಅಚ್ಚಾಯಿತು: ‘ನಲ್ಲಿಗೆ ತಂತಿ ಸುತ್ತಬೇಡಿ. ನಲ್ಲಿ ಜುಮ್ ಅಂದರೆ ಶುಗರ್ ಎಂದು ಸುಮ್ಮನಿರಬೇಡಿ. ನಿಮ್ಮ ಮನೆಯ ಮೇನ್ ಆರಿಸಿದರೆ ಸಾಲದು. ದೂರ ನಿಂತು ಲೈನ್‌ಮನ್‌ನನ್ನು ಕರೆಯಿರಿ.’

ಆ ತಿಂಗಳೆಲ್ಲ ಫೋನು ಬಡಿದುಕೊಂಡಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೆಚ್ಚಿನ ಮನೆಗಳಲ್ಲಿ ಕ್ಯಾಲೆಂಡರ್ ಇದ್ದರೂ ತಂತಿ ಇರಲಿಲ್ಲ. ಅಲೀಪುರದಲ್ಲಿ ಒಂದು ಮನೆಯ ತಂತಿ ಬಿಚ್ಚಿಸಿದರು. ಕೈವಾರದ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಹಸು ನಲ್ಲಿ ಕೆಳಗಿನ ತೊಟ್ಟಿಗೆ ಬಾಯಿಡುವುದನ್ನೇ ಬಿಟ್ಟಿತ್ತು. ದೃಷ್ಟಿಯಾಗಿದೆಯೆಂದು ಮನೆಯವರು ಅದರ ಕೊರಳಿಗೆ ಕಪ್ಪು ದಾರ ಕಟ್ಟಿ, ಬಾಯಾರದಿರಲೆಂದು ಬಾವಿಯಿಂದ ನೀರು ಸೇದಿ ಕುಡಿಸುತ್ತಿದ್ದರಂತೆ. ಚೀಟಿ ಅಂಟಿಸಲು ಹೋದ ಮೀಟರ್ ಓದುವವನು ಪೈಪಿನ ಮೇಲೆ ತಂತಿ ಕಂಡು ಫೋನು ಮಾಡಿದ. ಹಸುವಿಗೆ ತಿಳಿದದ್ದು ನಮಗೆ ತಿಳಿಯಲಿಲ್ಲವಲ್ಲ ಎಂದು ಅವತ್ತು ನಾನು ಅನ್ನ ಮುಟ್ಟಲಿಲ್ಲ.

ಅಜ್ಜಿಯ ಮನೆಯ ಹಿತ್ತಲಲ್ಲಿ ಗುಂಡಿ ತೋಡಿ, ತಾಮ್ರದ ಹಲಗೆ ಇಳಿಸಿ, ಇದ್ದಿಲು ಉಪ್ಪು ತುಂಬಿ ಸರಿಯಾದ ಅರ್ಥಿಂಗ್ ಮಾಡಿಸಿದ ಮೇಲೆ ನಮ್ಮನ್ನು ಕರೆದರು. ಅಷ್ಟು ದಿನವೂ ಅವರು ನಲ್ಲಿಯ ಹತ್ತಿರ ಸುಳಿದಿರಲಿಲ್ಲ, ಸೊಸೆ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಳು. ಎಂಜಿನಿಯರ್ ಅಳೆದರು, ಸೊನ್ನೆ. ಪಕ್ಕದ ಮನೆಗಳ ಮೋಟರೆಲ್ಲ ಹಾಕಿಸಿ ಮತ್ತೆ ಅಳೆದರು, ಆಗಲೂ ಸೊನ್ನೆ. ಆದರೂ ಅಜ್ಜಿ ಮುಂದೆ ಬರಲಿಲ್ಲ. ಅವರು ನೋಡುತ್ತಿದ್ದದ್ದು ಮೀಟರನ್ನಲ್ಲ, ನನ್ನನ್ನು. ಹಿಂದಿನ ಸಲ ಭಯವಿಲ್ಲ ಎಂದು ಹೇಳಿದವಳು ನಾನೇ ಅಲ್ಲವೇ. ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ ನಲ್ಲಿಯನ್ನು ಹಿಡಿದೆ. ತಣ್ಣಗಿತ್ತು, ಅಷ್ಟೇ.

ಆಗ ಅವರು ಬಂದು ನನ್ನ ಕೈಯ ಪಕ್ಕದಲ್ಲೇ ತಮ್ಮ ಕೈ ಇಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಜುಮ್ ಅಂತದೆ ಬೇಟಿ,” ಎಂದರು.

ಎಂಜಿನಿಯರ್ ಮೀಟರಿನ ಮುಳ್ಳನ್ನು ಮತ್ತೆ ತಾಗಿಸಿದರು, ಮೂರನೆಯ ಸಲವೂ ಸೊನ್ನೆಯೇ. ಬಾಗಿಲಲ್ಲಿದ್ದ ಸೊಸೆ, ಹಾಗಾದರೆ ಇದು ಶುಗರ್ರೇ ಎಂದಳು. ಹೋದ ಸಲ ಇದೇ ಮಾತು ಆಡಿ ನಕ್ಕಿದ್ದ ನನಗೆ ಈಗ ನಗಲಾಗಲಿಲ್ಲ. ನಲ್ಲಿಯಿಂದ ಕೈ ತೆಗೆಯದೆ ನಿಂತು, ಇದು ಕರೆಂಟಾಗಿರದೆ ಕಾಯಿಲೆಯೇ ಆಗಿರಲಪ್ಪಾ, ಇವರಿಗೆ ಶುಗರ್ರೇ ಇರಲಪ್ಪಾ ಎಂದು ದೇವರನ್ನು ಬೇಡಿಕೊಂಡೆ.